ಮನೆಯಲ್ಲೇ ಮೇಣಬತ್ತಿ: ಮೊದಲು ಬತ್ತಿ, ಆಮೇಲೆ ಮೇಣ

ಕರೆಂಟು ಹೋದಾಗ ಹಚ್ಚಿ ಉಳಿದ ಮೇಣಬತ್ತಿಯ ತುಂಡುಗಳು ಪ್ರತಿ ಮನೆಯಲ್ಲೂ ಒಂದು ಡಬ್ಬಿಯಷ್ಟಾದರೂ ಇರುತ್ತವೆ. ಅವನ್ನು ಕರಗಿಸಿ, ಖಾಲಿ ಜಾಮ್ ಬಾಟಲಿಗೆ ಸುರಿದು, ನಡುವೆ ಒಂದು ದಾರ ಇಳಿಬಿಟ್ಟು ನೋಡಿದವರ ದೂರು ಹೆಚ್ಚುಕಡಿಮೆ ಒಂದೇ. ಹಚ್ಚಿದ ಐದು ನಿಮಿಷಕ್ಕೆ ಉರಿ ಸಣ್ಣಗಾಗುತ್ತದೆ, ದಾರ ಬಾಗಿ ಕರಗಿದ ಮೇಣದಲ್ಲಿ ಮುಳುಗುತ್ತದೆ, ಆರಿಹೋಗುತ್ತದೆ. ಇಲ್ಲವೇ ಕಪ್ಪು ಹೊಗೆ ಎದ್ದು ಬಾಟಲಿಯ ಬಾಯಿಗೆಲ್ಲ ಕಾಡಿಗೆ ಹಿಡಿಯುತ್ತದೆ.

ಎರಡರಲ್ಲೂ ತಪ್ಪು ಮೇಣದ್ದಲ್ಲ, ಬತ್ತಿಯದು. ಮೇಣ ಒಲೆಯ ಮೇಲಿಟ್ಟು, ಅದು ಕರಗುವಷ್ಟರಲ್ಲಿ ದಾರ ಹುಡುಕಲು ಹೊರಡುವುದೇ ಎಡವಟ್ಟಿನ ಮೂಲ. ಮೇಣ ಕರಗಲು ಅರ್ಧ ಗಂಟೆ ಸಾಕು, ಒಳ್ಳೆಯ ಬತ್ತಿಗೆ ಎರಡು ಮೂರು ದಿನ ಬೇಕು. ಆದ್ದರಿಂದ ಇಲ್ಲಿ ಹೇಳಿದ ಕ್ರಮವನ್ನು ಹಿಂದೆಮುಂದೆ ಮಾಡಬೇಡಿ.

## ಕೈಗೆ ಸಿಗುವಂತೆ ಇಟ್ಟುಕೊಳ್ಳುವ ಸಾಮಾನು

ಒಂದು ಅಗಲ ಬೋಗುಣಿ, ಅದರೊಳಗೆ ಕೂರುವ ಹಳೆಯ ಸ್ಟೀಲ್ ಪಾತ್ರೆ ಅಥವಾ ಹಾಲಿನ ಪುಡಿಯ ತಗಡಿನ ಡಬ್ಬಿ, ಇಕ್ಕಳ, ಚಹಾ ಸೋಸುವ ಸ್ಟೀಲ್ ಜರಡಿ, ಹಳೆಯ ಬಿಳಿ ಹತ್ತಿ ಅರಿವೆ, ಅಡುಗೆಮನೆಯ ತೂಕದ ಯಂತ್ರ, ಸೈಕಲ್ ಸ್ಪೋಕ್ ಒಂದು, ಕಬ್ಬಿಣದ ವಾಷರ್‌ಗಳು, ಐಸ್‌ಕ್ರೀಮ್ ಕಡ್ಡಿ, ಹಳೆಯ ಪತ್ರಿಕೆ. ಥರ್ಮಾಮೀಟರ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಏನು ನೋಡಬೇಕು ಎಂಬುದನ್ನು ಮುಂದೆ ಹೇಳಿದೆ.

ಒಲೆಯ ಪಕ್ಕದಲ್ಲಿ ಎರಡು ವಸ್ತು ಇರಲೇಬೇಕು: ಮೇಣದ ಪಾತ್ರೆಯನ್ನು ಪೂರ್ತಿ ಮುಚ್ಚುವ ಲೋಹದ ಮುಚ್ಚಳ, ಮತ್ತು ಒಂದು ಬುಟ್ಟಿ ಒಣ ಉಸುಕು. ಮೇಣಕ್ಕೆ ಬಳಸಿದ ಪಾತ್ರೆ, ಜರಡಿ, ಚಮಚ ಮತ್ತೆ ಅಡುಗೆಗೆ ಬರುವುದಿಲ್ಲ. ಹೊರಡುವಾಗಲೇ ಹಳೆಯದನ್ನು ಬೇರೆ ತೆಗೆದಿಡಿ.

## ಹಂತ 1: ದಾರ ಸುಟ್ಟು ನೋಡಿ

ಬತ್ತಿಗೆ ಬೇಕಾದದ್ದು ಬಣ್ಣ ಹಾಕದ ನೂರಕ್ಕೆ ನೂರು ಹತ್ತಿ ನೂಲು. ಬೆಳಗಾವಿಯ ವಡಗಾವಿ, ಖಾಸಬಾಗ, ಬಾಗಲಕೋಟೆ ಜಿಲ್ಲೆಯ ರಬಕವಿ-ಬನಹಟ್ಟಿ, ಇಳಕಲ್ ಹೀಗೆ ಮಗ್ಗಗಳಿರುವ ಊರುಗಳಲ್ಲಿ ನೂಲಿನ ತುಂಡಿಗೆ ಬರವಿಲ್ಲ. ಆದರೆ ಮಗ್ಗದ ನೂಲೆಲ್ಲ ಹತ್ತಿಯಲ್ಲ. ಪಾಲಿಯೆಸ್ಟರ್ ಇರುತ್ತದೆ, ರೇಷ್ಮೆ ಇರುತ್ತದೆ, ಆರ್ಟ್ ಸಿಲ್ಕ್ ಅಂದರೆ ಕೃತಕ ರೇಷ್ಮೆ ಇರುತ್ತದೆ.

ಒಂದು ಗೇಣು ಎಳೆಯನ್ನು ಇಕ್ಕಳದಲ್ಲಿ ಹಿಡಿದು ತುದಿಗೆ ಬೆಂಕಿ ತಾಗಿಸಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬರುತ್ತದೆ, ಉಳಿದ ಬೂದಿ ಬೆರಳಿಗೆ ಹತ್ತಿದರೆ ಮೆತ್ತಗೆ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಆದರೆ ತುದಿ ಬೆಂಕಿಯಿಂದ ಹಿಂದೆ ಸರಿದು ಕರಗಿ, ಆರಿದ ಮೇಲೆ ಸಾಸಿವೆಯಂತೆ ಗಟ್ಟಿ ಗುಂಡಾಗಿ ನಿಲ್ಲುತ್ತದೆ. ಕೂದಲು ಸುಟ್ಟ ವಾಸನೆ ಬಂದರೆ ರೇಷ್ಮೆ. ಆರ್ಟ್ ಸಿಲ್ಕ್ ಮಾತ್ರ ಮೋಸ ಮಾಡುತ್ತದೆ, ಅದು ಹತ್ತಿಯಂತೆಯೇ ಉರಿಯುತ್ತದೆ. ಎಳೆಗೆ ಹೊಳಪಿದ್ದರೆ ಪರೀಕ್ಷೆ ಪಾಸಾದರೂ ಬಿಟ್ಟುಬಿಡಿ.

ದೇವರ ದೀಪದ ಹೂಬತ್ತಿ, ಉದ್ದಬತ್ತಿ ಏಕೆ ಆಗುವುದಿಲ್ಲ ಎಂದು ಬಹಳ ಜನ ಕೇಳುತ್ತಾರೆ. ಪಣತಿಯಲ್ಲಿ ಬತ್ತಿಗೆ ಅಂಚಿನ ಆಸರೆ ಇರುತ್ತದೆ, ಎಣ್ಣೆ ಮೊದಲೇ ದ್ರವವಾಗಿರುತ್ತದೆ. ಮೇಣಬತ್ತಿಯಲ್ಲಿ ಬತ್ತಿ ತಾನೇ ನೆಟ್ಟಗೆ ನಿಲ್ಲಬೇಕು. ಸಡಿಲವಾಗಿ ಹೊಸೆದ ಅರಳೆ ಸುತ್ತಲಿನ ಮೇಣ ಕರಗಿದ ಕೂಡಲೇ ಮಲಗಿಬಿಡುತ್ತದೆ.

ಪೈಜಾಮದ ಲಾಡಿ ಹತ್ತಿಯದಾಗಿದ್ದರೆ ಬಿಚ್ಚಿ ಎಳೆ ತೆಗೆದುಕೊಳ್ಳಬಹುದು. ಸುತಳಿ ಬೇಡ, ಹೊಗೆ ಕಾರುತ್ತದೆ. ಬತ್ತಿ ನೆಟ್ಟಗಿರಲಿ ಎಂದು ಒಳಗೆ ತಂತಿ ಇಡುವುದೂ ಬೇಡ. ರಿಪೇರಿ ಅಂಗಡಿಯ ಬೆಸುಗೆ ತಂತಿಯಲ್ಲಿ ಸೀಸ ಇರುತ್ತದೆ, ಅದರ ಹೊಗೆ ಮಕ್ಕಳಿರುವ ಮನೆಗೆ ವಿಷ.

## ಹಂತ 2: ಹೆಣೆಯಿರಿ, ನೆನೆಸಿ, ಪೂರ್ತಿ ಒಣಗಿಸಿ

ಮಗ್ಗದ ಹಾಸಿನ ಎಳೆಗೆ ಗಂಜಿ ಹಚ್ಚಿರುತ್ತಾರೆ. ಗಂಜಿ ಇದ್ದ ನೂಲು ಮೇಣ ಹೀರುವುದಿಲ್ಲ. ಬಿಸಿನೀರಿಗೆ ಸ್ವಲ್ಪ ಸಾಬೂನು ಪುಡಿ ಹಾಕಿ ತೊಳೆದು, ಎರಡು ಸಲ ಸ್ವಚ್ಛ ನೀರಲ್ಲಿ ಜಾಲಿಸಿ.

ಆಮೇಲೆ ಎಳೆಗಳನ್ನು ಮೂರು ಸಮ ಪಾಲು ಮಾಡಿ ಜಡೆಯಂತೆ ಹೆಣೆಯಿರಿ. ಹೊಸೆಯಬೇಡಿ, ಹೆಣೆಯಿರಿ. ಹೆಣೆದ ಬತ್ತಿ ಉರಿಯುವಾಗ ತುದಿ ಪಕ್ಕಕ್ಕೆ ಬಾಗಿ ಉರಿಯ ಅಂಚಿನಲ್ಲಿ ತಾನೇ ಬೂದಿಯಾಗುತ್ತದೆ. ಹೊಸೆದದ್ದು ನೆಟ್ಟಗೆ ನಿಂತು ತುದಿಯಲ್ಲಿ ಇದ್ದಿಲಿನ ಗಂಟು ಕಟ್ಟುತ್ತದೆ. ಕೈಗೆ ಗಟ್ಟಿ ಅನ್ನಿಸುವಷ್ಟು ಬಿಗಿ ಸಾಕು. ಕಲ್ಲಿನಂತೆ ಎಳೆದು ಬಿಗಿದರೆ ಮೇಣ ಮೇಲೇರಲು ದಾರಿಯೇ ಇರುವುದಿಲ್ಲ.

ದಪ್ಪಕ್ಕೆ ಬೆಂಕಿಕಡ್ಡಿಯೇ ಅಳತೆ. ಬಾಟಲಿಯ ಒಳ ಅಗಲ 5ರಿಂದ 6 ಸೆಂಟಿಮೀಟರ್ ಇದ್ದರೆ ಬೆಂಕಿಕಡ್ಡಿಯಷ್ಟು, ಅಂದರೆ ಸುಮಾರು 2 ಮಿಲಿಮೀಟರ್. 3-4 ಸೆಂಟಿಮೀಟರ್ ಅಗಲಕ್ಕೆ ಅದಕ್ಕಿಂತ ತೆಳ್ಳಗೆ. 8 ಸೆಂಟಿಮೀಟರ್ ದಾಟಿದರೆ ಬತ್ತಿ ದಪ್ಪ ಮಾಡಬೇಡಿ, ಎರಡು ಬತ್ತಿ ಇಡಿ. ಇದು ಆರಂಭದ ಅಂದಾಜು ಮಾತ್ರ. ನೂಲಿನ ಸಣ್ಣದಪ್ಪ, ಮೇಣದ ಗುಣ ಬದಲಾದಂತೆ ಇದೂ ಬದಲಾಗುತ್ತದೆ. ಅದಕ್ಕೇ ಒಂದೇ ಸಲ ಹತ್ತು ಬಾಟಲಿ ಮಾಡದೆ, ತೆಳ್ಳಗೆ, ಮಧ್ಯಮ, ದಪ್ಪ ಮೂರು ಬತ್ತಿ ಹೆಣೆದು ಮೂರು ಚಿಕ್ಕ ಬಟ್ಟಲಲ್ಲಿ ಉರಿಸಿ ನೋಡುವುದು ಜಾಣತನ.

ಈಗ ನೆನೆಸುವುದು. ಒಂದು ಲೋಟ (250 ಮಿಲಿ) ಬಿಸಿನೀರಿಗೆ ಒಂದು ದೊಡ್ಡ ಚಮಚ ಉಪ್ಪು, ಎರಡು ದೊಡ್ಡ ಚಮಚ ಬಿಳಿಗಾರ ಹಾಕಿ ಕರಗಿಸಿ. ಪತ್ತಾರರು ಚಿನ್ನ ಬೆಸೆಯಲು ಬಳಸುವುದು ಇದೇ ಬಿಳಿಗಾರ. ಬೆಳಗಾವಿ ಕಡೆ ಟಾಕಣಖಾರ ಎಂದು ಕೇಳಿದರೂ ಕೊಡುತ್ತಾರೆ. ಬತ್ತಿ ಒಂದು ರಾತ್ರಿ ಅದರಲ್ಲಿ ಮುಳುಗಿರಲಿ. ಇದರಿಂದ ಬತ್ತಿ ನಿಧಾನವಾಗಿ, ಒಂದೇ ಸಮ ಉರಿಯುತ್ತದೆ, ಉರಿ ಆರಿಸಿದ ಮೇಲೆ ತುದಿ ಬಹಳ ಹೊತ್ತು ಕೆಂಪಗೆ ಹೊಗೆಯಾಡುವುದೂ ನಿಲ್ಲುತ್ತದೆ. ಬಿಳಿಗಾರ ಹೊಟ್ಟೆಗೆ ಹೋಗಬಾರದು. ಪುಡಿ, ನೀರು ಎರಡನ್ನೂ ಮಕ್ಕಳ ಕೈಗೆ ಎಟುಕದಂತೆ ಇಡಿ, ಕೈ ತೊಳೆದುಕೊಳ್ಳಿ.

ಒಣಗಿಸುವುದರಲ್ಲಿ ಅವಸರ ಬೇಡವೇ ಬೇಡ. ವಿಜಯಪುರ, ಬಾಗಲಕೋಟೆಯ ಬಿಸಿಲಿಗೆ ಒಂದು ದಿನದಲ್ಲಿ ಒಣಗುವ ಬತ್ತಿಗೆ ಬೆಳಗಾವಿಯ ಜುಲೈ ಮಳೆಯಲ್ಲಿ ನಾಲ್ಕು ದಿನವೂ ಸಾಲದು. ಮಳೆಗಾಲದಲ್ಲಿ ಎರಡು ಅರಿವೆಗಳ ನಡುವೆ ಇಟ್ಟು ಇಸ್ತ್ರಿ ಮಾಡಿ. ಒಣಗಿತೋ ಇಲ್ಲವೋ ತಿಳಿಯಲು ಬತ್ತಿಯನ್ನು ಗಲ್ಲಕ್ಕೆ ಒತ್ತಿ ನೋಡಿ. ತಣ್ಣಗೆ ತಾಗಿದರೆ ಒಳಗೆ ಇನ್ನೂ ಹಸಿ ಇದೆ. ಉಪ್ಪು ಗಾಳಿಯ ತೇವವನ್ನು ಎಳೆಯುತ್ತದೆ, ಹಾಗಾಗಿ ಒಣಗಿದ ಬತ್ತಿಯನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲೇ ಇಡಿ. ಹಸಿ ಬತ್ತಿಯ ಮೇಣಬತ್ತಿ ಚಟಚಟ ಸಿಡಿಯುತ್ತದೆ, ಹತ್ತಿದ್ದೂ ಆರುತ್ತದೆ.

## ಹಂತ 3: ಮೇಣ ಆರಿಸಿಕೊಳ್ಳಿ

ಬಿಳಿ ಮೇಣಬತ್ತಿಯ ತುಂಡು, ಹುಟ್ಟುಹಬ್ಬದ ಸಣ್ಣ ಬತ್ತಿ, ದೀಪಾವಳಿಯ ಬಟ್ಟಲು ಬತ್ತಿಯ ತಳ ಇವೆಲ್ಲ ಬಹುಮಟ್ಟಿಗೆ ಪ್ಯಾರಾಫಿನ್. ಒಟ್ಟಿಗೆ ಕರಗಿಸಬಹುದು. ಬೆರಳಿನಿಂದ ಒತ್ತಿದರೆ ಜಾರುವಂತಹ ಮೆತ್ತನೆಯ ಮೇಣ ಸಿಕ್ಕರೆ ಬೇರೆ ಇಡಿ, ಅದು ಬಾಟಲಿಗೆ ಮಾತ್ರ ಸರಿ. ಸುಟ್ಟ ಬತ್ತಿಯ ತುದಿ, ಬೆಂಕಿಕಡ್ಡಿ, ಮಸಿ ಆದಷ್ಟು ಮೊದಲೇ ಕೆರೆದು ತೆಗೆಯಿರಿ. ಹತ್ತರಲ್ಲಿ ಒಂದು ಪಾಲು ಕಸಕ್ಕೆ ಹೋಗುತ್ತದೆ ಎಂದು ಲೆಕ್ಕ ಹಿಡಿಯಿರಿ.

ಬಜ್ಜಿ ಕರಿದ ಎಣ್ಣೆ ಮೇಣಕ್ಕೆ ಬೆರೆಸಬೇಡಿ. ಮೇಣ ಮೆತ್ತಗಾಗುತ್ತದೆ, ಎಣ್ಣೆಯಲ್ಲಿನ ಕರಿ ಬತ್ತಿಯನ್ನು ಕಟ್ಟುತ್ತದೆ. ಅದನ್ನು ಸೋಸಿ ಪಣತಿಗೆ ಹಾಕಿ, ಅಲ್ಲಿ ಚೆನ್ನಾಗಿ ಉರಿಯುತ್ತದೆ. ವನಸ್ಪತಿಯೂ ಬೇಡ. ಏಪ್ರಿಲ್-ಮೇನಲ್ಲಿ 40 ಡಿಗ್ರಿ ಮುಟ್ಟುವ ವಿಜಯಪುರದಲ್ಲಿ ಅದು ಹಚ್ಚುವ ಮೊದಲೇ ನೀರಾಗಿರುತ್ತದೆ.

ಬಣ್ಣದ ವಿಷಯದಲ್ಲಿ ಖಡಕ್ಕಾಗಿ ಹೇಳಬೇಕು: ಅರಿಷಿಣ, ಕುಂಕುಮ, ಅಡುಗೆ ಬಣ್ಣ, ರಂಗೋಲಿ ಪುಡಿ ಯಾವುದೂ ಮೇಣದಲ್ಲಿ ಕರಗುವುದಿಲ್ಲ. ತಳಕ್ಕೆ ಇಳಿಯುತ್ತವೆ ಅಥವಾ ಬತ್ತಿಯ ಸಂದಿಗೆ ಸೇರಿ ಉರಿಯನ್ನು ಕೊಲ್ಲುತ್ತವೆ. ಮಕ್ಕಳ ಕ್ರೇಯಾನ್ ಹಾಕಲೇಬೇಕೆಂದರೆ 100 ಗ್ರಾಂ ಮೇಣಕ್ಕೆ ಕಡಲೆಕಾಳಿನಷ್ಟು, ಹೆಚ್ಚಲ್ಲ. ಬಣ್ಣದ ಹಳೆಯ ಮೇಣಬತ್ತಿಯನ್ನೇ ಬೆರೆಸುವುದು ಎಲ್ಲಕ್ಕಿಂತ ಒಳ್ಳೆಯದು. ಮೈಗೆ ಹೊಡೆದುಕೊಳ್ಳುವ ಸೆಂಟಿನಲ್ಲಿ ಆಲ್ಕೋಹಾಲ್ ಇರುತ್ತದೆ, ಬಿಸಿ ಮೇಣದ ಹತ್ತಿರವೂ ತರಬೇಡಿ.

## ಹಂತ 4: ಅಚ್ಚು ಮತ್ತು ಅಳತೆ

ದಪ್ಪ ಗಾಜಿನ ಜಾಮ್ ಬಾಟಲಿ, ಸ್ಟೀಲ್ ಲೋಟ, ಅಗಲ ಪಣತಿ ನಡೆಯುತ್ತವೆ. ತೆಳು ಗಾಜಿನ ಲೋಟ ಬೇಡ. ಬಾಯಿ ಕಿರಿದಾದ ಬಾಟಲಿಯೂ ಬೇಡ, ಒಳಗೆ ಗಾಳಿ ಸಾಲದೆ ಉರಿ ಹೊಗೆಯಾಡುತ್ತದೆ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಮೇಣ ಸುರಿದು ಅದರಲ್ಲೇ ಉರಿಸುವುದಂತೂ ಮನೆಗೆ ಬೆಂಕಿ ಇಟ್ಟಂತೆ. ತೆಂಗಿನ ಪರಟಿ ನೋಡಲು ಚೆಂದ, ಆದರೆ ಅದೂ ಉರಿಯುವ ವಸ್ತುವೇ.

ಗೌರಿ ಹುಣ್ಣಿಮೆಗೆ ಸಕ್ಕರೆ ಆರತಿ ಮಾಡುವ ಮರದ ಅಚ್ಚುಗಳಲ್ಲಿ ಮೇಣ ಸುರಿಯುವ ಆಸೆ ಅನೇಕರಿಗಿದೆ. ಸಕ್ಕರೆ ಪಾಕಕ್ಕೆ ಮಾಡುವಂತೆಯೇ ಅಚ್ಚನ್ನು ನೀರಲ್ಲಿ ನೆನೆಸಿ, ಮೇಲಿನ ಹನಿಯನ್ನೆಲ್ಲ ಅರಿವೆಯಿಂದ ಒರೆಸಿ, ಬಿಗಿಯಾಗಿ ಕಟ್ಟಿ ಸುರಿದರೆ ಮೇಣ ಅಂಟುವುದಿಲ್ಲ. ಆದರೆ ಒಮ್ಮೆ ಮೇಣ ಕಂಡ ಅಚ್ಚು ಮತ್ತೆ ಸಕ್ಕರೆಗೆ ಬರುವುದಿಲ್ಲ. ಮನೆಯಲ್ಲಿ ಅಜ್ಜಿ ಕಾಲದ ಅಚ್ಚು ಇದ್ದರೆ ದಯವಿಟ್ಟು ಅದನ್ನು ಮುಟ್ಟಬೇಡಿ.

ಮೇಣ ಎಷ್ಟು ಬೇಕು ಎಂದು ತಿಳಿಯಲು ಬಾಟಲಿಗೆ ಎಲ್ಲಿವರೆಗೆ ಮೇಣ ಬೇಕೋ ಅಲ್ಲಿವರೆಗೆ ನೀರು ಹಾಕಿ ಅಳೆಯಿರಿ. ಆ ಮಿಲಿಲೀಟರ್ ಅನ್ನು 0.9ರಿಂದ ಗುಣಿಸಿದರೆ ಗ್ರಾಂ ಸಿಗುತ್ತದೆ. 250 ಮಿಲಿ ನೀರು ಹಿಡಿದರೆ 225 ಗ್ರಾಂ ಮೇಣ, ಕಸದ ಪಾಲು ಸೇರಿಸಿ 250 ಗ್ರಾಂ ತುಂಡು. ಸೋಸಿ ಸಿಗುವ 225 ಗ್ರಾಂನಲ್ಲಿ ಸುಮಾರು 190 ಗ್ರಾಂಗೇ ಬಾಟಲಿ ತುಂಬಿದಂತೆ ಕಾಣುತ್ತದೆ, ಏಕೆಂದರೆ ಬಿಸಿ ಮೇಣ ಹಿಗ್ಗಿರುತ್ತದೆ. ಉಳಿದ 35 ಗ್ರಾಂ ಎರಡನೇ ಸಲ ಸುರಿಯಲು. ಅಳತೆ ಮುಗಿದ ಮೇಲೆ ಬಾಟಲಿಯೊಳಗೆ ಒಂದು ಹನಿ ನೀರೂ ಉಳಿಯದಂತೆ ಒಣಗಿಸಿ.

## ಹಂತ 5: ನೀರಿನ ಮೇಲೆ ಕರಗಿಸಿ, ನೇರ ಉರಿಯ ಮೇಲಲ್ಲ

ಬೋಗುಣಿಯಲ್ಲಿ ಮೂರು ಬೆರಳು ನೀರು ಹಾಕಿ. ತಳದಲ್ಲಿ ಒಂದು ಸ್ಟೀಲ್ ಮುಚ್ಚಳ ಕವುಚಿ, ಅದರ ಮೇಲೆ ಮೇಣದ ಪಾತ್ರೆ ಇಟ್ಟು ಸಣ್ಣ ಉರಿಯಲ್ಲಿ ಕಾಯಿಸಿ. ಪ್ಯಾರಾಫಿನ್ ಸಾಮಾನ್ಯವಾಗಿ 50ರಿಂದ 65 ಡಿಗ್ರಿ ಸೆಲ್ಸಿಯಸ್ ನಡುವೆ ಕರಗುತ್ತದೆ. ಸುಮಾರು 200 ಡಿಗ್ರಿ ಮುಟ್ಟಿದರೆ ಅದರ ಆವಿಗೆ ಕಿಡಿ ತಾಗಿ ಭಗ್ಗನೆ ಹತ್ತಿಕೊಳ್ಳುತ್ತದೆ. ನೇರ ಗ್ಯಾಸಿನ ಮೇಲಿಟ್ಟ ಪಾತ್ರೆ ಆ ಬಿಸಿಯನ್ನು ನೀವು ಆ ಕಡೆ ತಿರುಗುವಷ್ಟರಲ್ಲಿ ಮುಟ್ಟುತ್ತದೆ. ನೀರು ಮಾತ್ರ ತನ್ನ ಕುದಿಯುವ ಬಿಂದು ದಾಟಿ ಬಿಸಿಯಾಗುವುದಿಲ್ಲ. ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದ ಬೆಳಗಾವಿಯಲ್ಲಿ ಅದು 98 ಡಿಗ್ರಿಗೂ ತುಸು ಕಡಿಮೆ. ಅಂದರೆ ನೀರು ಇರುವವರೆಗೆ ಮೇಣ ಸುರಕ್ಷಿತ. ನೀರು ಬತ್ತುತ್ತಿದೆಯೇ ನೋಡುತ್ತಿರಿ, ಬತ್ತಿದರೆ ಬಿಸಿನೀರನ್ನೇ ಬೋಗುಣಿಯ ಅಂಚಿನಿಂದ ಸೇರಿಸಿ.

ಮೇಣದ ಪಾತ್ರೆ ಬಿಟ್ಟು ಎದ್ದು ಹೋಗಬೇಡಿ. ಫೋನ್ ಬಂದರೆ ಒಲೆ ಆರಿಸಿ ಹೋಗಿ. ಮೇಣದಿಂದ ಬೆಳ್ಳಗೆ ಹೊಗೆ ಏಳುವುದು, ಮೂಗಿಗೆ ಕಟು ವಾಸನೆ ಬರುವುದು ಅತಿಯಾಗಿ ಕಾದಿದೆ ಎಂಬ ಗುರುತು. ಕೂಡಲೇ ಗ್ಯಾಸ್ ಬಂದ್ ಮಾಡಿ.

ಬೆಂಕಿ ಹತ್ತಿಯೇಬಿಟ್ಟರೆ ಗ್ಯಾಸ್ ಬಂದ್ ಮಾಡಿ ಮುಚ್ಚಳ ಮುಚ್ಚಿ. ಕೆಳಗೆ ಚೆಲ್ಲಿ ಉರಿಯುತ್ತಿದ್ದರೆ ಉಸುಕು ಸುರಿಯಿರಿ. ನೀರು ಹಾಕಲೇಬಾರದು. ನೀರು ಮೇಣಕ್ಕಿಂತ ಭಾರ, ಕೆಳಗಿಳಿದು ಒಮ್ಮೆಲೇ ಆವಿಯಾಗಿ ಉರಿಯುವ ಮೇಣವನ್ನು ಮಾಳಿಗೆವರೆಗೆ ಚಿಮ್ಮಿಸುತ್ತದೆ. ಪಾತ್ರೆಯನ್ನು ಎತ್ತಿಕೊಂಡು ಹೊರಗೆ ಓಡುವುದೂ ಅಷ್ಟೇ ಅಪಾಯ.

ಕೈಮೇಲೆ ಬಿಸಿ ಮೇಣ ಬಿದ್ದರೆ ನಳದ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಿರಿ. ಅಂಟಿದ ಮೇಣ ಕಿತ್ತು ತೆಗೆಯಬೇಡಿ, ಟೂತ್‌ಪೇಸ್ಟ್, ಅರಿಷಿಣ ಹಚ್ಚಬೇಡಿ. ಬೊಬ್ಬೆ ಎದ್ದರೆ ಡಾಕ್ಟರಿಗೆ ತೋರಿಸಿ.

ಪೂರ್ತಿ ಕರಗಿದ ಮೇಲೆ ಹತ್ತು ನಿಮಿಷ ಅಲುಗಿಸದೆ ಬಿಡಿ. ಮಸಿ ಮತ್ತು ನೀರಿನ ಹನಿ ತಳ ಸೇರುತ್ತವೆ. ಜರಡಿಯ ಮೇಲೆ ಹತ್ತಿ ಅರಿವೆ ಹಾಸಿ, ಮೇಲಿನ ತಿಳಿ ಮೇಣವನ್ನಷ್ಟೇ ಇನ್ನೊಂದು ಪಾತ್ರೆಗೆ ಸೋಸಿ. ತಳದ ಒಂದು ಬೆರಳು ಗಸಿಯನ್ನು ಆಸೆಪಟ್ಟು ಸುರಿದುಕೊಳ್ಳಬೇಡಿ.

## ಹಂತ 6: ಬತ್ತಿಗೆ ಮೇಣ ಕುಡಿಸಿ ನಿಲ್ಲಿಸಿ

ಒಣಗಿದ ಬತ್ತಿಯನ್ನು ಸೋಸಿದ ಮೇಣದಲ್ಲಿ ಪೂರ್ತಿ ಮುಳುಗಿಸಿ. ಸಣ್ಣ ಸಣ್ಣ ಗುಳ್ಳೆ ಏಳುತ್ತವೆ, ಅದು ನೂಲಿನೊಳಗಿನ ಗಾಳಿ. ಗುಳ್ಳೆ ನಿಂತ ಮೇಲೆ ಇಕ್ಕಳದಿಂದ ತೆಗೆದು, ತುಸು ಆರಿದ ಮೇಲೆ ಎರಡೂ ತುದಿ ಹಿಡಿದು ಜಗ್ಗಿ ಪತ್ರಿಕೆಯ ಮೇಲೆ ನೆಟ್ಟಗೆ ಮಲಗಿಸಿ. ಐದು ನಿಮಿಷಕ್ಕೆ ಅದು ಕಡ್ಡಿಯಂತೆ ಗಟ್ಟಿಯಾಗುತ್ತದೆ. ಈ ಹಂತ ಬಿಟ್ಟರೆ ಹಿಂದಿನ ಮೂರು ದಿನದ ಕೆಲಸವೆಲ್ಲ ಹಾಳು.

ಬತ್ತಿಯ ಒಂದು ತುದಿಯನ್ನು ವಾಷರ್‌ನ ತೂತಿನಲ್ಲಿ ತೂರಿಸಿ ಕೆಳಗೆ ಗಂಟು ಹಾಕಿ. ಬಾಟಲಿಯ ತಳದ ನಡುವೆ ಎರಡು ಹನಿ ಬಿಸಿ ಮೇಣ ಬಿಟ್ಟು ವಾಷರ್ ಒತ್ತಿ ಹಿಡಿಯಿರಿ. ಮೇಲಿನ ತುದಿಯನ್ನು ಐಸ್‌ಕ್ರೀಮ್ ಕಡ್ಡಿಯ ಸೀಳಿನಲ್ಲಿ ಸಿಕ್ಕಿಸಿ ಬಾಟಲಿಯ ಬಾಯಿಗೆ ಅಡ್ಡ ಇಡಿ. ಬತ್ತಿ ಸರಿಯಾಗಿ ನಡುವೆ ಇರಬೇಕು. ಒಂದು ಬದಿಗೆ ವಾಲಿದರೆ ಆ ಬದಿಯ ಗಾಜು ಕಾದು ಒಡೆಯುತ್ತದೆ.

## ಹಂತ 7: ಎರಡು ಸಲ ಸುರಿಯಿರಿ

ಬಾಟಲಿಯನ್ನು ಹೊರಗಿನಿಂದ ಬಿಸಿನೀರಲ್ಲಿ ಅದ್ದಿದ ಅರಿವೆಯಿಂದ ಸುತ್ತಿ ಬೆಚ್ಚಗೆ ಮಾಡಿ. ತಣ್ಣನೆಯ ಗಾಜಿಗೆ ಸುರಿದರೆ ಗಾಜು ಸೀಳಬಹುದು, ಸೀಳದಿದ್ದರೂ ಮೇಣ ಗಾಜಿಗೆ ಹಿಡಿಯದೆ ಅಲ್ಲಲ್ಲಿ ಕಲೆ ಕಾಣುತ್ತದೆ.

ಮೇಣ 70ರಿಂದ 75 ಡಿಗ್ರಿಗೆ ಇಳಿದಾಗ ಸುರಿಯಿರಿ. ಥರ್ಮಾಮೀಟರ್ ಇಲ್ಲದಿದ್ದರೆ ಪಾತ್ರೆಯ ಗೋಡೆಯನ್ನು ನೋಡಿ. ಮೇಣ ಗೋಡೆಗೆ ತಾಗುವ ಅಂಚಿನಲ್ಲಿ ಕೂದಲೆಳೆಯಷ್ಟು ಬಿಳಿ ಗೆರೆ ಮೂಡಲು ಶುರುವಾದ ಕ್ಷಣವೇ ಸಮಯ. ಇನ್ನೂ ಕಾದರೆ ಹೆಪ್ಪುಗಟ್ಟಿದ ಕೆನೆಯೂ ಜೊತೆಗೆ ಬಂದು ಬೀಳುತ್ತದೆ. ಬದಿಯಿಂದ ನಿಧಾನವಾಗಿ, ಬತ್ತಿಯ ಮೇಲೆ ಬೀಳದಂತೆ ಸುರಿಯಿರಿ.

ಒಂದೂವರೆ ಎರಡು ಗಂಟೆಯ ಮೇಲೆ ಬತ್ತಿಯ ಸುತ್ತ ಗುಳಿ ಬೀಳುತ್ತದೆ. ಮೇಣ ಆರುವಾಗ ಕುಗ್ಗುತ್ತದೆ, ಇದು ಸಹಜ. ಕೆಲವೊಮ್ಮೆ ಮೇಲೆ ಸಮ ಕಂಡರೂ ಒಳಗೆ ಪೊಳ್ಳು ಇರುತ್ತದೆ. ಸೈಕಲ್ ಸ್ಪೋಕ್‌ನಿಂದ ಬತ್ತಿಯ ಸುತ್ತ ನಾಲ್ಕು ತೂತು ಚುಚ್ಚಿ, ಉಳಿಸಿಟ್ಟ ಮೇಣವನ್ನು ಮತ್ತೆ ಕರಗಿಸಿ, ಮೊದಲಿಗಿಂತ ಐದು ಡಿಗ್ರಿ ಹೆಚ್ಚು ಬಿಸಿಯಲ್ಲಿ ತುಂಬಿ. ಮೊದಲ ಸಲದ ಗೆರೆ ದಾಟಬೇಡಿ.

## ಹಂತ 8: ಆರಲು ಬಿಡಿ

ಫ್ರಿಜ್‌ನಲ್ಲಿ ಇಟ್ಟರೆ ಹೊರಗೆ ಬೇಗ ಗಟ್ಟಿಯಾಗಿ ಒಳಗೆ ಬಿರುಕು ಬಿಡುತ್ತದೆ. ಫ್ಯಾನ್ ಕೆಳಗೂ ಬೇಡ. ಡಿಸೆಂಬರಿನ ಬೆಳಗಾವಿ ಚಳಿಯಲ್ಲಿ ಬಾಟಲಿಗೆ ಪತ್ರಿಕೆ ಸುತ್ತಿ ರಟ್ಟಿನ ಪೆಟ್ಟಿಗೆಯೊಳಗಿಡಿ. ಬೇಸಿಗೆಯ ವಿಜಯಪುರ, ಬಾಗಲಕೋಟೆಯಲ್ಲಿ ನಸುಕಿನಲ್ಲೇ ಸುರಿದು ಮುಗಿಸಿ. ಆ ಊರುಗಳಲ್ಲಿ ಬೇಸಿಗೆಗೆ ಕಂಬದಂತೆ ನಿಲ್ಲುವ ಮೇಣಬತ್ತಿ ಮಾಡುವುದಕ್ಕಿಂತ ಬಾಟಲಿಯದೇ ಲೇಸು. ಕಂಬದ್ದು ಮಧ್ಯಾಹ್ನದ ಹೊತ್ತಿಗೆ ಬಾಗುತ್ತದೆ. ಮಾಡಲೇಬೇಕೆಂದರೆ ಕೆಮಿಕಲ್ ಅಂಗಡಿಯಲ್ಲಿ ಸಿಗುವ ಸ್ಟಿಯರಿಕ್ ಆಸಿಡ್ ಅನ್ನು ಕಿಲೋ ಮೇಣಕ್ಕೆ 100 ಗ್ರಾಂ ಬೆರೆಸಿ, ಗಟ್ಟಿಯಾಗುತ್ತದೆ. ಸ್ಟೀಲ್ ಲೋಟದಿಂದಲೂ ಸಲೀಸಾಗಿ ಬಿಡುತ್ತದೆ.

ಹಚ್ಚುವ ಮೊದಲು ಪೂರ್ತಿ ಒಂದು ದಿನ ಕಾಯಿರಿ.

## ಹಂತ 9: ಮೊದಲ ಉರಿ ನೋಡಿ ತಪ್ಪು ಹಿಡಿಯಿರಿ

ಬತ್ತಿಯನ್ನು 6 ಮಿಲಿಮೀಟರ್ ಉಳಿಸಿ ಕತ್ತರಿಸಿ. ಮೊದಲ ಸಲ ಹಚ್ಚಿದಾಗ ಕರಗಿದ ಮೇಣ ಗಾಜಿನ ಅಂಚು ಮುಟ್ಟುವವರೆಗೆ ಆರಿಸಬೇಡಿ. 5 ಸೆಂಟಿಮೀಟರ್ ಅಗಲಕ್ಕೆ ಸುಮಾರು ಎರಡು ಗಂಟೆ. ಮಧ್ಯದಲ್ಲೇ ಆರಿಸಿದರೆ ಮುಂದಿನ ಸಲವೂ ಅಷ್ಟೇ ಅಗಲಕ್ಕೆ ಕರಗಿ ಬಾವಿಯಂತೆ ಕೆಳಗಿಳಿಯುತ್ತದೆ.

ಎರಡು ಗಂಟೆಯಾದರೂ ಅಂಚು ಮುಟ್ಟದೆ ಉರಿ ಉಗುರಿನಷ್ಟೇ ಇದ್ದರೆ ಬತ್ತಿ ತೆಳು. ಉರಿ 5 ಸೆಂಟಿಮೀಟರ್ ದಾಟಿ ಕುಣಿಯುತ್ತಿದ್ದರೆ, ಗಾಜಿಗೆ ಕಾಡಿಗೆ ಹಿಡಿದರೆ ಬತ್ತಿ ದಪ್ಪ. ಚೆನ್ನಾಗಿ ಹತ್ತಿ ಅರ್ಧ ಗಂಟೆಯ ಮೇಲೆ ಕುಗ್ಗಿದರೆ ಬತ್ತಿ ಕಟ್ಟಿದೆ, ಕಾರಣ ಬಣ್ಣ ಅಥವಾ ಮಸಿ. ಸಿಡಿಯುತ್ತಿದ್ದರೆ ನೀರು. ಇವುಗಳಲ್ಲಿ ಯಾವುದಿದ್ದರೂ ಮೇಣ ಹಾಳಾಗಿಲ್ಲ. ಬಾಟಲಿಯನ್ನು ಬಿಸಿನೀರಲ್ಲಿ ನಿಲ್ಲಿಸಿ ಮೇಣ ತೆಗೆದು ಸೋಸಿ, ಹೊಸ ಬತ್ತಿ ಇಟ್ಟು ಮತ್ತೆ ಸುರಿಯಿರಿ.

ಗಾಜು ಮುಟ್ಟಲಾಗದಷ್ಟು ಕಾದರೆ, ಅಥವಾ ತಳದಲ್ಲಿ ಮೇಣ 1 ಸೆಂಟಿಮೀಟರ್‌ಗೆ ಇಳಿದರೆ ಆರಿಸಿಬಿಡಿ. ಪರದೆ, ಹಾಸಿಗೆಯ ಹತ್ತಿರ ಹಚ್ಚಬೇಡಿ, ಹಚ್ಚಿಟ್ಟು ಮಲಗಬೇಡಿ.

## ಪಾತ್ರೆ ಸ್ವಚ್ಛ ಮಾಡುವಾಗ

ಮೇಣದ ಪಾತ್ರೆಯನ್ನು ಬಿಸಿ ಇರುವಾಗಲೇ ಪತ್ರಿಕೆಯಿಂದ ಒರೆಸಿ. ಬಚ್ಚಲಿಗೆ, ಮೋರಿಗೆ ಬಿಸಿ ಮೇಣವಾಗಲಿ ಮೇಣದ ನೀರಾಗಲಿ ಸುರಿಯಬೇಡಿ. ಪೈಪಿನೊಳಗೆ ಆರಿ ಗಟ್ಟಿಯಾದರೆ ಪ್ಲಂಬರ್ ಕರೆಸಬೇಕಾದೀತು. ಬೋಗುಣಿಯ ನೀರು ತಣ್ಣಗಾದ ಮೇಲೆ ಮೇಲೆ ಕಟ್ಟಿದ ಮೇಣದ ಪದರ ಎತ್ತಿ ತೆಗೆದು, ಆಮೇಲೆ ನೀರು ಚೆಲ್ಲಿ. ಅರಿವೆಗೆ ಬಿದ್ದ ಮೇಣವನ್ನು ಉಗುರಿನಿಂದ ಕೆರೆದು, ಮೇಲೆ ಕೆಳಗೆ ಪತ್ರಿಕೆ ಇಟ್ಟು ಹಗುರವಾಗಿ ಇಸ್ತ್ರಿ ಮಾಡಿದರೆ ಕಾಗದ ಹೀರಿಕೊಳ್ಳುತ್ತದೆ. ತಳದ ಗಸಿಯನ್ನು ಡಬ್ಬಿಯಲ್ಲಿಡಿ, ಮುಂದಿನ ಸಲ ಕರಗಿಸುವಾಗ ಅದರಿಂದಲೂ ಒಂದಿಷ್ಟು ತಿಳಿ ಮೇಣ ಸಿಗುತ್ತದೆ.